ಅಗ್ರಸ್ಥಾನಕ್ಕೆ ಸೆಣಸಾಟ, ಒಕ್ಕೂಟಕ್ಕೇ ಕೊನೆಯಾಟ
ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್: 2024ರ ಪ್ಯಾಕ್-12 ಅಂಕಪಟ್ಟಿ ಹೇಳುವ ಕಥೆ

ಮುಂಬಯಿ: 2024ರ ಮಾರ್ಚ್ ತಿಂಗಳ ಎರಡನೇ ವಾರದಲ್ಲಿ ವಾಂಖೆಡೆ ಕ್ರೀಡಾಂಗಣದಲ್ಲಿ ವಿದರ್ಭವನ್ನು 169 ರನ್‌ಗಳಿಂದ ಸೋಲಿಸಿದ ಮುಂಬಯಿ ತಂಡವು 42ನೇ ಬಾರಿ ರಣಜಿ ಟ್ರೋಫಿಯನ್ನು ಎತ್ತಿ ಹಿಡಿದಾಗ ಈ ನಗರದ ಕ್ರೀಡಾಭಿಮಾನಿಗಳ ಗಮನವೆಲ್ಲ ಅತ್ತಲೇ ಇತ್ತು. ಅದೇ ದಿನಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮತ್ತೊಂದು ಹಳೆಯ ಸ್ಪರ್ಧೆ ಮುಕ್ತಾಯದ ಹಂತಕ್ಕೆ ಬಂದಿತ್ತು. ರಣಜಿ ಮರು ವರ್ಷವೂ ನಡೆಯುತ್ತದೆ ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆದರೆ ಅಲ್ಲಿನ ಪ್ಯಾಕ್-12 ಎಂಬ ಕಾಲೇಜು ಒಕ್ಕೂಟದ ಬಾಸ್ಕೆಟ್‌ಬಾಲ್ ಅಂಕಪಟ್ಟಿಯಲ್ಲಿ ಅಗ್ರಸ್ಥಾನಕ್ಕಾಗಿ ಹೋರಾಡುತ್ತಿದ್ದ ತಂಡಗಳಿಗೆ, ಋತು ಮುಗಿದ ಮೇಲೆ ಆ ಪಟ್ಟಿಯೇ ಇರುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು.

ಬಾಸ್ಕೆಟ್‌ಬಾಲ್ ಮುಂಬಯಿಗೆ ಹೊಸತಲ್ಲ. ನಾಗ್ಪಾಡಾದ ಅಂಗಣಗಳು ಈ ಆಟಕ್ಕೆ ಹೆಸರುವಾಸಿ. 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಎನ್‌ಬಿಎ ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಪ್ರದರ್ಶನ ಪಂದ್ಯಗಳನ್ನು ಆಡಿದ್ದನ್ನು ಅನೇಕರು ನೋಡಿದ್ದಾರೆ. ಆದರೆ ಅಮೆರಿಕದಲ್ಲಿ ಎನ್‌ಬಿಎಯಷ್ಟೇ ಅಭಿಮಾನಿಗಳನ್ನು ಸೆಳೆಯುವ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ. ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯಗಳಲ್ಲಿ ಮುಂಬಯಿ ಕನ್ನಡಿಗರ ಮನೆಗಳ ಮಕ್ಕಳೂ ಓದುತ್ತಿದ್ದಾರೆ. ಸಿಯಾಟಲ್‌ನಲ್ಲಿ ಸಹ್ಯಾದ್ರಿ ಕನ್ನಡ ಸಂಘ, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಸಕ್ರಿಯವಾಗಿರುವ ನೆಲವೂ ಇದೇ. ಆದುದರಿಂದ ಅಲ್ಲಿ ಆದದ್ದೇನು ಎಂಬುದನ್ನು ಅರಿಯುವುದು ಅಪ್ರಸ್ತುತವಾಗದು.

ಪಟ್ಟಿಯ ಲೆಕ್ಕಾಚಾರ

ಅಮೆರಿಕದ ಕಾಲೇಜುಗಳು ಕಾನ್ಫರೆನ್ಸ್ ಎಂದು ಕರೆಯಲಾಗುವ ಒಕ್ಕೂಟಗಳಲ್ಲಿ ಗುಂಪುಗೂಡಿ ಆಡುತ್ತವೆ. 2024ರಲ್ಲಿ ಪ್ಯಾಕ್-12ರಲ್ಲಿ ಪ್ರತಿ ತಂಡಕ್ಕೆ 20 ಒಕ್ಕೂಟ ಪಂದ್ಯಗಳಿದ್ದವು. ರಣಜಿಯಂತೆ ಇನ್ನಿಂಗ್ಸ್ ಮುನ್ನಡೆಗೆ ಮೂರು ಅಂಕ, ಡ್ರಾಗೆ ಒಂದು ಅಂಕ ಎಂಬ ಗೊಡವೆ ಇಲ್ಲಿಲ್ಲ. ಗೆಲುವು, ಸೋಲು ಎರಡೇ. ಇಬ್ಬರು ಸಮಬಲ ಸಾಧಿಸಿದರೆ ಪ್ರಶಸ್ತಿ ಹಂಚಿಕೆಯಾಗುತ್ತದೆ. ಮುಂದಿನ ಕೂಟದಲ್ಲಿ ಅಗ್ರ ಶ್ರೇಯಾಂಕ ಮಾತ್ರ ಪರಸ್ಪರ ಪಂದ್ಯಗಳಲ್ಲಿ ಮೇಲುಗೈ ಸಾಧಿಸಿದವರಿಗೆ.

ಲೀಗ್ ಮುಗಿದ ಬಳಿಕ ಲಾಸ್ ವೇಗಸ್‌ನಲ್ಲಿ ಒಕ್ಕೂಟದ ನಾಕೌಟ್ ಕೂಟ. ಪಟ್ಟಿಯ ಮೊದಲ ನಾಲ್ಕು ತಂಡಗಳಿಗೆ ಅಲ್ಲಿ ಮೊದಲ ಸುತ್ತು ಆಡುವ ಶ್ರಮವಿರಲಿಲ್ಲ. ಅದರ ನಂತರ 68 ತಂಡಗಳ ರಾಷ್ಟ್ರೀಯ ಕೂಟ. 2024ರಲ್ಲಿ ಈ 68 ಸ್ಥಾನಗಳ ಪೈಕಿ 32 ಸ್ಥಾನಗಳು ಆಯಾ ಒಕ್ಕೂಟಗಳ ಚಾಂಪಿಯನ್ನರಿಗೆ ಮೀಸಲಾಗಿದ್ದವು. ಉಳಿದ 36 ತಂಡಗಳನ್ನು ಆಯ್ಕೆ ಸಮಿತಿ ಆರಿಸಿತು. ಆದುದರಿಂದ ಅಂಕಪಟ್ಟಿಯಲ್ಲಿ ಒಂದು ಮೆಟ್ಟಿಲು ಏರುವುದು ಅಥವಾ ಇಳಿಯುವುದು ಕೇವಲ ಪ್ರತಿಷ್ಠೆಯ ಪ್ರಶ್ನೆಯಲ್ಲ.

ಹತ್ತನೆಯ ಸ್ಥಾನದ ತಂಡ

2023-24ರ ಋತು ಆರಂಭವಾಗುವ ಮುನ್ನ ಪತ್ರಕರ್ತರು ನಡೆಸಿದ ಮತದಾನದಲ್ಲಿ ಅರಿಝೋನಾಕ್ಕೆ ಪ್ರಥಮ ಸ್ಥಾನ ಲಭಿಸಿತ್ತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸಿಕ್ಕಿದ್ದು ಹನ್ನೆರಡರಲ್ಲಿ ಹತ್ತನೆಯ ಸ್ಥಾನ. ಸಿಯಾಟಲ್‌ನಿಂದ ಸುಮಾರು 450 ಕಿ.ಮೀ. ದೂರದಲ್ಲಿ, ಗೋಧಿ ಹೊಲಗಳ ನಡುವಿನ ಪುಲ್‌ಮನ್ ಎಂಬ ಸಣ್ಣ ಪಟ್ಟಣದ ಈ ಕಾಲೇಜು 1941ರಲ್ಲಿ ರಾಷ್ಟ್ರೀಯ ಕೂಟದ ಫೈನಲ್ ತಲುಪಿ ವಿಸ್ಕಾನ್ಸಿನ್ ಎದುರು ಸೋತಿತ್ತು. 2008ರ ನಂತರ ಆ ಕೂಟದ ಮುಖವನ್ನೇ ಕಂಡಿರಲಿಲ್ಲ.

ತಂಡವೂ ಹೆಸರಾಂತ ಆಟಗಾರರದ್ದಾಗಿರಲಿಲ್ಲ. ಜೇಲನ್ ವೆಲ್ಸ್ ಬಂದದ್ದು ಎರಡನೇ ದರ್ಜೆಯ ಸೊನೋಮಾ ಸ್ಟೇಟ್‌ನಿಂದ. ಐಸಾಕ್ ಜೋನ್ಸ್ ಬಂದದ್ದು ನೆರೆಯ ಐಡಾಹೊ ವಿಶ್ವವಿದ್ಯಾಲಯದಿಂದ. ಮೈಲ್ಸ್ ರೈಸ್ ಎಂಬ ಯುವಕನಿಗೆ 2022ರಲ್ಲಿ ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ಪತ್ತೆಯಾಗಿ ಒಂದು ಇಡೀ ಋತುವನ್ನು ಚಿಕಿತ್ಸೆಯಲ್ಲೇ ಕಳೆಯಬೇಕಾಯಿತು. ಗುಣಮುಖನಾಗಿ ಅಂಗಣಕ್ಕಿಳಿದ ಆತ ಒಕ್ಕೂಟದ ವರ್ಷದ ಶ್ರೇಷ್ಠ ಹೊಸ ಆಟಗಾರ ಎಂಬ ಗೌರವಕ್ಕೆ ಪಾತ್ರನಾದದ್ದು ಗಮನಾರ್ಹ. ತರಬೇತುದಾರ ಕೈಲ್ ಸ್ಮಿತ್ ಇಂಥವರನ್ನೇ ಕಟ್ಟಿಕೊಂಡು ತಂಡವನ್ನು ರೂಪಿಸಿದರು.

ಜನವರಿ 13ರಂದು ಪುಲ್‌ಮನ್‌ನಲ್ಲಿ ಈ ತಂಡ ಅರಿಝೋನಾವನ್ನು 73-70ರಿಂದ ಸೋಲಿಸಿದಾಗ ಅದೊಂದು ಆಕಸ್ಮಿಕ ಎಂದವರೇ ಹೆಚ್ಚು. ಫೆಬ್ರವರಿ 22ರಂದು ಟೂಸಾನ್‌ನಲ್ಲಿ, ಅರಿಝೋನಾದ ತವರಿನಲ್ಲೇ, 77-74ರಿಂದ ಮತ್ತೆ ಗೆದ್ದಾಗ ಆ ಮಾತು ನಿಂತಿತು. ಕೊನೆಯ ಅರ್ಧ ನಿಮಿಷದಲ್ಲಿ ವೆಲ್ಸ್ ದೂರದಿಂದ ಚೆಂಡನ್ನು ಬುಟ್ಟಿಗೆ ಹಾಕಿ, ಎದುರಾಳಿಯ ತಪ್ಪಿಗೆ ಸಿಕ್ಕ ಫ್ರೀ ಥ್ರೋವನ್ನೂ ಗೆಲುವಾಗಿಸಿ ಒಂದೇ ಏಟಿಗೆ ನಾಲ್ಕು ಅಂಕ ಗಳಿಸಿದ್ದು ಪಂದ್ಯದ ತಿರುವು. ಆ ರಾತ್ರಿ ಅಂಕಪಟ್ಟಿಯ ಅಗ್ರಸ್ಥಾನದಲ್ಲಿದ್ದುದು ವಾಷಿಂಗ್ಟನ್ ಸ್ಟೇಟ್.

ಮಾರ್ಚ್ 7ರ ರಾತ್ರಿ

ಪ್ಯಾಕ್-12ರಲ್ಲಿ ಒಂದು ಹಳೆಯ ಅನುಕೂಲವಿತ್ತು. ನೆರೆಹೊರೆಯ ಕಾಲೇಜುಗಳನ್ನು ಜೋಡಿಗಳಾಗಿ ಮಾಡಿ, ಒಂದೇ ಪ್ರವಾಸದಲ್ಲಿ ಎರಡೂ ಕಡೆ ಆಡಿ ಬರುವ ಏರ್ಪಾಡು ಅದು. ಅದರಂತೆ ಟೂಸಾನ್‌ನಲ್ಲಿ ಗುರುವಾರ ಗೆದ್ದ ತಂಡ ಶನಿವಾರ ಅರಿಝೋನಾ ಸ್ಟೇಟ್ ಎದುರು ಆಡಬೇಕಿತ್ತು. ಅಲ್ಲಿ 73-61ರಿಂದ ಮುಗ್ಗರಿಸಿ ಅಗ್ರಸ್ಥಾನವನ್ನು ಕಳೆದುಕೊಂಡಿತು. ಬಳಿಕ ಲಾಸ್ ಏಂಜಲೀಸ್‌ನ ಎರಡು ದೊಡ್ಡ ಕಾಲೇಜುಗಳಾದ ಯುಎಸ್‌ಸಿ ಮತ್ತು ಯುಸಿಎಲ್‌ಎ ತಂಡಗಳನ್ನು ತವರಿನಲ್ಲಿ ಸೋಲಿಸಿ ಮತ್ತೆ ಚೇತರಿಸಿಕೊಂಡಿತು.

ಮಾರ್ಚ್ 7ರ ಬೆಳಗ್ಗೆ ಪಟ್ಟಿಯ ಚಿತ್ರ ಹೀಗಿತ್ತು: ಅರಿಝೋನಾ 14 ಗೆಲುವು, 4 ಸೋಲು, ಎರಡು ಪಂದ್ಯ ಬಾಕಿ. ವಾಷಿಂಗ್ಟನ್ ಸ್ಟೇಟ್ 14 ಗೆಲುವು, 5 ಸೋಲು, ಒಂದೇ ಪಂದ್ಯ ಬಾಕಿ. ಪುಲ್‌ಮನ್‌ನ ತಂಡ ತನ್ನ ಕೊನೆಯ ಪಂದ್ಯ ಗೆದ್ದು, ಅರಿಝೋನಾ ಎರಡರಲ್ಲಿ ಒಂದನ್ನು ಸೋತರೆ ಸಾಕು, ಇಬ್ಬರಿಗೂ 15-5. ಆಗ ಪ್ರಶಸ್ತಿಯಲ್ಲಿ ಪಾಲು ಮಾತ್ರವಲ್ಲ, ಅರಿಝೋನಾವನ್ನು ಎರಡೂ ಬಾರಿ ಸೋಲಿಸಿದ ಕಾರಣ ಅಗ್ರ ಶ್ರೇಯಾಂಕವೂ ವಾಷಿಂಗ್ಟನ್ ಸ್ಟೇಟ್‌ಗೇ ದಕ್ಕುತ್ತಿತ್ತು.

ಕೊನೆಯ ಪಂದ್ಯದ ಎದುರಾಳಿ ಅದೇ ರಾಜ್ಯದ ಹಿರಿಯಣ್ಣ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ. ಆ ತಂಡಕ್ಕೆ ಪಟ್ಟಿಯಲ್ಲಿ ಹೇಳಿಕೊಳ್ಳುವಂಥ ಸ್ಥಾನವಿರಲಿಲ್ಲ. ಋತು ಮುಗಿದಾಗ ಅದರ ಲೆಕ್ಕ 9-11. ಆದರೆ ಪುಲ್‌ಮನ್‌ನಲ್ಲಿ ಆ ರಾತ್ರಿ 74-68ರಿಂದ ಗೆದ್ದದ್ದು ಅದೇ. ಅತ್ತ ಅರಿಝೋನಾ ಲಾಸ್ ಏಂಜಲೀಸ್‌ನಲ್ಲಿ ಯುಸಿಎಲ್‌ಎಯನ್ನು 88-65ರಿಂದ ಮಣಿಸಿ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು.

ವಿಪರ್ಯಾಸ ಎರಡು ದಿನಗಳ ನಂತರ ಕಾದಿತ್ತು. ಮಾರ್ಚ್ 9ರಂದು ಅರಿಝೋನಾ ಯುಎಸ್‌ಸಿ ಎದುರು 78-65ರಿಂದ ಸೋತಿತು. ಅಂದರೆ ಪುಲ್‌ಮನ್‌ನ ತಂಡಕ್ಕೆ ಬೇಕಾಗಿದ್ದ ಸೋಲು ಬಂದೇ ಬಂತು, ಆದರೆ ಅದರ ಲಾಭ ಪಡೆಯಲು ತನ್ನದೇ ಗೆಲುವು ಕೈಯಲ್ಲಿರಲಿಲ್ಲ. ಅಂತಿಮ ಪಟ್ಟಿಯಲ್ಲಿ ಅರಿಝೋನಾ 15-5, ವಾಷಿಂಗ್ಟನ್ ಸ್ಟೇಟ್ 14-6, ಕೊಲರಾಡೊ 13-7, ಒರೆಗಾನ್ 12-8. ಒಂದೇ ಒಂದು ಪಂದ್ಯದ ಅಂತರ.

ಮೈದಾನದಾಚೆಯ ಆಟ

ಆದರೆ ಈ ಪಟ್ಟಿಯನ್ನು ಕೇವಲ ಗೆಲುವು-ಸೋಲಿನ ಲೆಕ್ಕವಾಗಿ ಓದಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. 1915ರಲ್ಲಿ ಸ್ಥಾಪನೆಯಾದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್‌ನ ಪರಂಪರೆಯನ್ನು ಮುಂದುವರಿಸಿಕೊಂಡು ಬಂದ ಒಕ್ಕೂಟವಿದು. ಜಾನ್ ವುಡನ್ ಅವರ ಗರಡಿಯಲ್ಲಿ ಯುಸಿಎಲ್‌ಎ 1964ರಿಂದ 1975ರ ನಡುವಿನ 12 ವರ್ಷಗಳಲ್ಲಿ 10 ಬಾರಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಇದೇ ಒಕ್ಕೂಟದಿಂದ. ಇಂಥ ಒಕ್ಕೂಟ ಕುಸಿದದ್ದು ಆಟದ ಗುಣಮಟ್ಟ ಕುಂದಿದ್ದರಿಂದಲ್ಲ. ಟಿವಿ ಪ್ರಸಾರದ ಹಣದಿಂದ. ಅದೂ ಬಾಸ್ಕೆಟ್‌ಬಾಲ್‌ನಿಂದಲ್ಲ, ಅಮೆರಿಕನ್ ಫುಟ್‌ಬಾಲ್‌ನ ಹಣದಿಂದ.

2022ರ ಜೂನ್ 30ರಂದು ಯುಎಸ್‌ಸಿ ಮತ್ತು ಯುಸಿಎಲ್‌ಎ, 2024ರಿಂದ ಬಿಗ್ ಟೆನ್ ಒಕ್ಕೂಟಕ್ಕೆ ಸೇರುವುದಾಗಿ ಪ್ರಕಟಿಸಿದವು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷಗಳ ಪ್ರಸಾರ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಮಿಗಿಲು ಎಂದು ವರದಿಯಾಯಿತು. ಲಾಸ್ ಏಂಜಲೀಸ್‌ನಂಥ ದೊಡ್ಡ ಮಾರುಕಟ್ಟೆ ಕೈತಪ್ಪಿದ ಮೇಲೆ ಪ್ಯಾಕ್-12ಕ್ಕೆ ಅಂಥ ಬೆಲೆ ಕೊಡುವವರು ಸಿಗಲಿಲ್ಲ. ಕೊನೆಗೆ ಬಂದದ್ದು ಬಹುಪಾಲು ಚಂದಾದಾರರ ಸಂಖ್ಯೆಯನ್ನೇ ನೆಚ್ಚಿಕೊಂಡ ಆಪಲ್ ಕಂಪೆನಿಯ ಪ್ರಸ್ತಾವ. 2023ರ ಜುಲೈಯಲ್ಲಿ ಕೊಲರಾಡೊ ಹೊರನಡೆಯಿತು. ಆಗಸ್ಟ್ 4ರಂದು ಒಂದೇ ದಿನ ಐದು ಕಾಲೇಜುಗಳು ಹೊರಟವು. ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್ ಕಡೆಗೆ, ಅರಿಝೋನಾ, ಅರಿಝೋನಾ ಸ್ಟೇಟ್, ಯೂಟಾ ಬಿಗ್ 12ರ ಕಡೆಗೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಟ್ಲಾಂಟಿಕ್ ಕರಾವಳಿಯ ಒಕ್ಕೂಟವನ್ನು ಸೇರಲು ಒಪ್ಪಿದವು. ಉಳಿದದ್ದು ಎರಡೇ: ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ಎರಡೂ ಸಣ್ಣ ಊರಿನ ಕಾಲೇಜುಗಳು. ಎರಡಕ್ಕೂ ದೊಡ್ಡ ಟಿವಿ ಮಾರುಕಟ್ಟೆಯಿಲ್ಲ. ಹೊರಟವರಿಗೆ ಒಕ್ಕೂಟದ ಆಸ್ತಿ, ಆದಾಯದ ಮೇಲೆ ಮತ ಚಲಾಯಿಸುವ ಹಕ್ಕಿರಬಾರದು ಎಂದು ಈ ಎರಡು ಕಾಲೇಜುಗಳು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ತೀರ್ಪು ಅವುಗಳ ಪರವಾಗಿಯೇ ಬಂತು. ಆದರೆ ಆಡಲು ಎದುರಾಳಿಗಳನ್ನು ನ್ಯಾಯಾಲಯ ಒದಗಿಸಲಾರದಷ್ಟೆ.

ಈ ಹಿನ್ನೆಲೆಯಲ್ಲಿ ನೋಡಿದಾಗ ಮಾರ್ಚ್ 7ರ ಪಂದ್ಯಕ್ಕೆ ಬೇರೆಯೇ ಅರ್ಥ ಬರುತ್ತದೆ. ಯಾರಿಗೂ ಬೇಡವಾದ ಕಾಲೇಜೊಂದು, ಬಿಟ್ಟುಹೋಗಲಿದ್ದ ಶ್ರೀಮಂತರ ನಡುವೆ ಪಟ್ಟಿಯ ತುದಿಗೆ ಏರಿತ್ತು. ಅದನ್ನು ಕೊನೆಯ ಹೆಜ್ಜೆಯಲ್ಲಿ ತಡೆದದ್ದು, ಹೊರಟು ನಿಂತಿದ್ದ ಸ್ವಂತ ರಾಜ್ಯದ ಸೋದರ ಕಾಲೇಜು.

ನಂತರ ಆದದ್ದು

ಲಾಸ್ ವೇಗಸ್‌ನ ಕೂಟದಲ್ಲಿ ಅಗ್ರ ಇಬ್ಬರೂ ಸೆಮಿಫೈನಲ್‌ನಲ್ಲೇ ಎಡವಿದರು. ಅರಿಝೋನಾವನ್ನು ಒರೆಗಾನ್, ವಾಷಿಂಗ್ಟನ್ ಸ್ಟೇಟನ್ನು ಕೊಲರಾಡೊ ಸೋಲಿಸಿದವು. ಫೈನಲ್‌ನಲ್ಲಿ ಒರೆಗಾನ್ 75-68ರಿಂದ ಗೆದ್ದು, ಲೀಗ್‌ನಲ್ಲಿ ನಾಲ್ಕನೆಯದಾಗಿದ್ದರೂ ರಾಷ್ಟ್ರೀಯ ಕೂಟಕ್ಕೆ ನೇರ ಪ್ರವೇಶ ಪಡೆಯಿತು. ಒಟ್ಟು ನಾಲ್ಕು ತಂಡಗಳು ಅಲ್ಲಿಗೆ ಹೋದವು; ನಾಲ್ಕೂ ಕನಿಷ್ಠ ಒಂದೊಂದು ಪಂದ್ಯ ಗೆದ್ದವು. ವಾಷಿಂಗ್ಟನ್ ಸ್ಟೇಟ್ ಡ್ರೇಕ್ ತಂಡವನ್ನು 66-61ರಿಂದ ಸೋಲಿಸಿ, ಅಯೋವಾ ಸ್ಟೇಟ್ ಎದುರು ನಿರ್ಗಮಿಸಿತು. ಮುರಿದು ಬೀಳುತ್ತಿದ್ದ ಒಕ್ಕೂಟದ ಆಟ ಮುರಿದಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಕಟ್ಟಿದ ತಂಡ ಕೆಲವೇ ವಾರಗಳಲ್ಲಿ ಚದುರಿತು. ತರಬೇತುದಾರ ಸ್ಮಿತ್ ಸ್ಟ್ಯಾನ್‌ಫರ್ಡ್‌ಗೆ ತೆರಳಿದರು. ರೈಸ್ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದ. ವೆಲ್ಸ್‌ನನ್ನು ಎನ್‌ಬಿಎಯ ಮೆಂಫಿಸ್ ತಂಡ ಆರಿಸಿಕೊಂಡಿತು. ಉಳಿದ ಕಾಲೇಜು ಬಾಸ್ಕೆಟ್‌ಬಾಲ್‌ಗಾಗಿ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನ ಆಶ್ರಯ ಪಡೆಯಿತು. ಗೊನ್‌ಝಾಗಾ, ಸ್ಯಾನ್ ಡಿಯಾಗೊ ಸ್ಟೇಟ್, ಬಾಯ್ಸಿ ಸ್ಟೇಟ್ ಮೊದಲಾದ ಕಾಲೇಜುಗಳನ್ನು ಸೇರಿಸಿಕೊಂಡು 2026ರಿಂದ ಪ್ಯಾಕ್-12ನ್ನು ಮರಳಿ ಕಟ್ಟುವ ನಿರ್ಧಾರ ಆ ಬಳಿಕ ಆಯಿತು. ಹೆಸರು ಉಳಿದರೂ ಹಳೆಯ ನೆರೆಹೊರೆ ಉಳಿಯಲಿಲ್ಲ.

ಹೊರಟವರು ಗಳಿಸಿದ್ದು ಏನು ಎಂಬ ಪ್ರಶ್ನೆಗೂ ಸರಳ ಉತ್ತರವಿಲ್ಲ. ಹಣ ಹೆಚ್ಚಿತು, ನಿಜ. ಒಂದೇ ಪ್ರವಾಸದಲ್ಲಿ ನೆರೆಯ ಎರಡು ಊರುಗಳಲ್ಲಿ ಆಡಿ ಬರುತ್ತಿದ್ದ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಈಗ ಒಕ್ಕೂಟದ ಪಂದ್ಯಕ್ಕಾಗಿ ದೇಶದ ಇನ್ನೊಂದು ತುದಿಗೆ ವಿಮಾನ ಹತ್ತಬೇಕು. ಫುಟ್‌ಬಾಲ್‌ಗಾಗಿ ಮಾಡಿದ ಒಪ್ಪಂದದ ದಣಿವನ್ನು ವಾಲಿಬಾಲ್, ಬಾಸ್ಕೆಟ್‌ಬಾಲ್ ಆಡುವ ಮಕ್ಕಳೂ ಹೊರಬೇಕಾಗಿದೆ.

ಮುಂಬಯಿಯ ಹಿರಿಯರಿಗೆ ಇದು ತೀರಾ ಅಪರಿಚಿತ ಕಥೆಯಲ್ಲ. ಪರೇಲ್, ಲಾಲ್‌ಬಾಗ್‌ನ ಗಿರಣಿಗಳು ಬದುಕಿದ್ದ ಕಾಲದಲ್ಲಿ ಗಿರಣಿ ತಂಡಗಳ ಕಬಡ್ಡಿ ಪಂದ್ಯಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ಆ ತಂಡಗಳು ಅಂಗಣದಲ್ಲಿ ಸೋತು ಮರೆಯಾದದ್ದಲ್ಲ. ಗಿರಣಿಯ ಬಾಗಿಲು ಮುಚ್ಚಿದಾಗ ತಂಡವೂ ಹೋಯಿತು. ಆಟಗಾರನ ಕೈಯಲ್ಲಿರುವುದು ಆ ದಿನದ ಪಂದ್ಯ ಮಾತ್ರ. ಅವನು ಆಡುವ ಪಟ್ಟಿ ಮರು ವರ್ಷ ಇರಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವವರು ಬೇರೆಡೆ ಕುಳಿತಿರುತ್ತಾರೆ.

ಇದನ್ನು ತಿಳಿದೂ ಪುಲ್‌ಮನ್‌ನ ಹುಡುಗರು ಕೊನೆಯ ರಾತ್ರಿಯವರೆಗೆ ಒಂದು ಗೆಲುವಿಗಾಗಿ ಹೋರಾಡಿದರು. ಅವರ ಹೆಸರಿನ ಮುಂದೆ ಉಳಿದದ್ದು ಎರಡನೆಯ ಸ್ಥಾನ, 14-6. ಹತ್ತನೆಯವರಾಗುತ್ತಾರೆ ಎಂದು ಭವಿಷ್ಯ ನುಡಿದವರ ಲೆಕ್ಕವನ್ನು ತಪ್ಪಾಗಿಸಲು ಅಷ್ಟು ಸಾಕಾಯಿತು. ಹೊರಟವರನ್ನು ಉಳಿಸಿಕೊಳ್ಳಲು ಮಾತ್ರ ಯಾವ ಗೆಲುವೂ ಸಾಕಾಗುತ್ತಿರಲಿಲ್ಲ.