ಮದ್ದು ಕಮ್ಮಿಯಾದರೂ ಮಾತು ಕಮ್ಮಿಯಾಗಬಾರದು



ತಳಕಿನಿಂದ ಮೊಳಕಾಲ್ಮೂರಿನವರೆಗೆ ಯಾವ ಹಟ್ಟಿಗೆ ಬೇಕಾದರೂ ಹೋಗಿ. ಕೂಸು ಎತ್ತಿಕೊಂಡ ತಾಯಿಯನ್ನ ಕೇಳಿ: ಬಲ ರಟ್ಟೆಗೆ ಚುಚ್ಚಿದ್ದು ಏನವ್ವ? "ಪೋಲಿಯೋದ್ದಂತೆ" ಅಂತಾಳೆ. ಎಷ್ಟು ಮದ್ದು, ಯಾಕೆ ಅಷ್ಟೇ ಅಂದರೆ ಸುಮ್ಮನಾಗ್ತಾಳೆ. ಆಕೆಗೆ ಹೇಳಿದವರು ಯಾರು?

ಆ ಮದ್ದಿನ ಪೂರ್ತಿ ಡೋಸು 0.5 ಮಿ.ಲೀ. ಸರ್ಕಾರ ನಮ್ಮ ಕೂಸುಗಳಿಗೆ ಹಾಕೋದು 0.1 ಮಿ.ಲೀ. ಐದರಲ್ಲಿ ಒಂದು ಪಾಲು. 2016ರಲ್ಲಿ ಜಗತ್ತಿಗೇ ಈ ಮದ್ದಿನ ಕೊರತೆ ಬಂದಿತ್ತು. ಅದೇ ವರ್ಷ ಬಾಯಿಗೆ ಬಿಡುವ ಹನಿಯಿಂದ ಎರಡನೇ ಬಗೆಯ ವೈರಸ್ಸನ್ನು ತೆಗೆದರು, ಆ ಬಗೆಯಿಂದ ಕಾಯೋದಕ್ಕೆ ಚುಚ್ಚುಮದ್ದು ಒಂದೇ ಉಳಿಯಿತು. ಇದ್ದದ್ದನ್ನೇ ಹಂಚಿ ಕೊಡಬೇಕಾಯಿತು. ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 6ನೇ ವಾರ, 14ನೇ ವಾರ. 2023ರಿಂದ 9ನೇ ತಿಂಗಳಲ್ಲಿ ಮೂರನೆಯದು.

"ಬಡವರ ಮಕ್ಕಳಿಗೆ ನೀರು ಮದ್ದು" ಅಂತ ಕೂಗುವವರು ಸಿಗ್ತಾರೆ. ಅದನ್ನ ನಂಬಬೇಡಿ. ಇದನ್ನ ಕಂಡಕ್ಕೆ ಚುಚ್ಚೋದಿಲ್ಲ, ತೊಗಲಿನ ಪದರದೊಳಕ್ಕೆ ಬಿಡ್ತಾರೆ. ರೋಗ ಗುರುತು ಹಿಡಿಯುವ ಜೀವಕೋಶಗಳು ಅಲ್ಲಿ ದಟ್ಟವಾಗಿವೆ. ಹಾಗಾಗಿ ಸ್ವಲ್ಪ ಮದ್ದೇ ಬಹಳ ಕೆಲಸ ಮಾಡ್ತದೆ. ಕ್ಯೂಬಾ, ಒಮಾನ್, ಬಾಂಗ್ಲಾದೇಶದ ಕೂಸುಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ಒಂದು ಪೂರ್ತಿ ಡೋಸಿಗಿಂತ ಎರಡು ಸಣ್ಣ ಡೋಸೇ ಮೇಲು ಅಂತ ಕಂಡಿದೆ. ಆದರೆ ಒಂದಕ್ಕೊಂದು ಸಮ ಇಟ್ಟು ತೂಗಿದರೆ ಪೂರ್ತಿ ಡೋಸಿನದೇ ಬಲ ಹೆಚ್ಚು. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ದುಡ್ಡು ಕೊಡುವವರ ಕೂಸಿಗೆ ಸಾಮಾನ್ಯವಾಗಿ ಬೀಳೋದು ಆ ಪೂರ್ತಿಯದೇ. ಎರಡೂ ಮಾತನ್ನ ಹಟ್ಟಿಯಲ್ಲಿ ನಿಂತು ಹೇಳಬೇಕು. ಹೇಳಿದರೆ ತಾಯಂದಿರು ಓಡಿಹೋಗ್ತಾರೆ ಅನ್ನೋದು ಆಫೀಸಿನವರ ಭಯ. ಅರ್ಧ ಹೇಳಿದಾಗಲೇ ಜನ ಓಡೋದು.

ನಾಳೆ ಬೇರೆ ಮದ್ದುಗಳ ಸರದಿ. ನ್ಯುಮೋನಿಯಾ ತಡೆಯುವ ಲಸಿಕೆಯನ್ನ ಬ್ರಿಟನ್ 2020ರಲ್ಲಿ ಮೂರರಿಂದ ಎರಡು ಡೋಸಿಗೆ ಇಳಿಸಿತು. ಕೀನ್ಯಾದಲ್ಲಿ ಅದರ ಡೋಸನ್ನೇ ಚಿಕ್ಕದು ಮಾಡಿ ಪರೀಕ್ಷಿಸಿದ್ದಾರೆ. ನಮ್ಮಲ್ಲಿ ಈಗ ಮೂರು ಡೋಸು. ಬೆಲೆ ಜಾಸ್ತಿ ಇರುವ ಮದ್ದು. ಕಮ್ಮಿ ಡೋಸು ಸಾಕಾದರೆ ಅದೇ ದುಡ್ಡಲ್ಲಿ ಇನ್ನಷ್ಟು ಕೂಸು ಉಳೀತವೆ. ಪರೀಕ್ಷೆ ಆಗಲಿ. ಆದರೆ ಯಾರ ತೊಟ್ಟಿಲ ಹತ್ತಿರ ಮೊದಲು ಬರ್ತಾರೆ? ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ ಯಾವ ಭಾಷೇಲಿ ಓದಿ ಹೇಳ್ತಾರೆ?

ಹಾಸ್ಟೆಲಿನ ಗೆಳೆಯರಿಗೆ ಇದು ಗೊತ್ತಿರಬೇಕು: 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರ ಮೇಲೆ ಗರ್ಭಕೊರಳ ಕ್ಯಾನ್ಸರಿನ ಲಸಿಕೆಯ ಅಧ್ಯಯನ ನಡೆಯಿತು. ಆದಿವಾಸಿ ಹಾಸ್ಟೆಲುಗಳಲ್ಲಿ ಒಪ್ಪಿಗೆ ಫಾರಮ್ಮಿಗೆ ವಾರ್ಡನ್ನರೇ ರುಜು ಹಾಕಿದ್ದರು. 2010ರಲ್ಲಿ ಅದನ್ನ ನಿಲ್ಲಿಸಿದರು, 2013ರಲ್ಲಿ ಸಂಸತ್ತಿನ ಸಮಿತಿ ಛೀಮಾರಿ ಹಾಕಿತು. ನಡುವೆ ಸತ್ತ ಹುಡುಗಿಯರ ಸಾವಿಗೂ ಲಸಿಕೆಗೂ ಸಂಬಂಧ ಇಲ್ಲ ಅಂತ ತನಿಖೆ ಹೇಳಿತು. ಇರಬಹುದು. ಆದರೆ ಅವ್ವ ಅಪ್ಪ ಬದುಕಿರುವಾಗ ವಾರ್ಡನ್ನಿಗೆ ಆ ಪೆನ್ನು ಕೊಟ್ಟವರು ಯಾರು?

ರಜಕ್ಕೆ ಊರಿಗೆ ಹೋದಾಗ ಕೇರಿಯ ತಾಯಿ ಕಾರ್ಡುಗಳನ್ನ ಈಸಿಕೊಂಡು ನೋಡಿ. ಏನು, ಎಷ್ಟು, ಯಾಕೆ ಅನ್ನೋದನ್ನ ಅಕ್ಕಂದಿರಿಗೆ ಬಿಡಿಸಿ ಹೇಳಿ. ನಿಮಗೆ ತಿಳೀದಿದ್ದರೆ ನರ್ಸಮ್ಮನ್ನ ಎಲ್ಲರ ಮುಂದೆ ಮರ್ಯಾದೆಯಿಂದ ಕೇಳಿ. ಒಂಬತ್ತನೇ ತಿಂಗಳಿನದು ಬಹಳ ಜನ ಮರೀತಾರೆ, ಗುಳೆ ಹೋದವರ ಕೂಸುಗಳದಂತೂ ಕೇಳಬೇಡಿ. ಬಿಟ್ಟಿದ್ದರೆ ಮುಂದಿನ ಲಸಿಕೆ ದಿನ ನೀವೇ ಕರಕೊಂಡು ಹೋಗಿ.