ಯಾರು ಉಳೀತಾರೆ ಅನ್ನೋ ಲೆಕ್ಕ

2022ರಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಮ್ಮನೇಲಿ ಮಂಗಳವಾರ ರಾತ್ರಿ ಅಡುಗೆ ಬೇಗ ಮುಗೀತಿತ್ತು. ವ್ರತ ಗಿತ ಏನಿಲ್ಲ, ಕಾರಣ 'ಬೆಟರ್ ಕಾಲ್ ಸಾಲ್'. ಅಮೆರಿಕದಲ್ಲಿ ಸೋಮವಾರ ರಾತ್ರಿ ಬರುತ್ತಿದ್ದ ಕಂತು ನಮಗೆ ಮಂಗಳವಾರ ನೆಟ್‌ಫ್ಲಿಕ್ಸ್‌ನಲ್ಲಿ ಸಿಗ್ತಿತ್ತು. ಅದರ ಕೊನೆಯ ಸೀಸನ್ ಇದು, 13 ಕಂತು. ಮೊದಲ ಕಂತು ಬರೋ ಹಿಂದಿನ ದಿನ ನಾನೂ ನನ್ನ ಹೆಂಡ್ತಿಯೂ ಬೆಟ್ ಕಟ್ಟಿದ್ವಿ. ಯಾರು ಸಾಯ್ತಾರೆ, ಯಾರು ಉಳೀತಾರೆ, ಯಾರ ಕೈಯಿಂದ ಏನಾಗುತ್ತೆ ಅಂತ ಬರೆದಿಡಬೇಕು. ಸೋತವರು ಒಂದು ತಿಂಗಳು ಪಾತ್ರೆ ತೊಳೀಬೇಕು.

(ಇನ್ನೂ ನೋಡಿಲ್ಲದವರು, ಮುಂದೆ ನೋಡಬೇಕು ಅಂದ್ಕೊಂಡಿರೋರು ಇಲ್ಲಿಗೇ ನಿಲ್ಲಿಸಿಬಿಡಿ. ನೋಡಿದ ಮೇಲೆ ಬನ್ನಿ, ಬೇಜಾರಿಲ್ಲ.)

ನನಗೆ ಈ ಚಟ ಹತ್ತಿದ್ದು 2013ರಲ್ಲಿ. ದಾವಣಗೆರೆಯ ಹಾಸ್ಟೆಲ್‌ನಲ್ಲಿ ಏಳನೇ ಸೆಮಿಸ್ಟರ್. ಆಗ 'ಬ್ರೇಕಿಂಗ್ ಬ್ಯಾಡ್' ಮುಗೀತಾ ಇತ್ತು. ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಮಾದಕವಸ್ತು ತಯಾರಿಸೋಕೆ ಇಳಿದು, ಕೊನೆಗೆ ಮನುಷ್ಯರನ್ನೇ ಕೊಲ್ಲೋ ಮಟ್ಟಕ್ಕೆ ಹೋಗೋ ಕಥೆ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಅನ್ನೋ ಊರು ಎಲ್ಲಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ, ಆದರೆ ಅಲ್ಲಿಯ ಮರುಭೂಮಿ ನಮ್ಮ ಕಾಲೇಜಿನ ಹಿಂದಿನ ಬಯಲಿಗಿಂತ ಚೆನ್ನಾಗಿ ಪರಿಚಯ ಆಗಿಬಿಟ್ಟಿತ್ತು. ಕೊನೆಯ ಕಂತಿಗೆ ಮುಂಚೆ ಆರು ಜನ ಸೇರಿ ಒಂದು ಹಾಳೆ ಮೇಲೆ ಭವಿಷ್ಯ ಬರೆದ್ವಿ. ಗೆದ್ದವನಿಗೆ ಬೆಣ್ಣೆ ದೋಸೆ. ಆರರಲ್ಲಿ ನಾಲ್ಕು ಜನ, ಶಿಷ್ಯ ಜೆಸ್ಸಿಯೇ ವಾಲ್ಟರ್‌ನ ಕೊಲ್ತಾನೆ ಅಂತ ಬರೆದಿದ್ವಿ. ಸೆಪ್ಟೆಂಬರ್ 29ರ ಕಂತಿನಲ್ಲಿ ವಾಲ್ಟರ್ ತಾನೇ ಸಿದ್ಧ ಮಾಡಿದ ಮಷೀನ್ ಗನ್ನಿನ ಗುಂಡು ತಗುಲಿ ಸತ್ತ. ಜೆಸ್ಸಿ ಕಾರು ಹತ್ತಿ, ಅಳ್ತಾ ನಗ್ತಾ ಹೊರಟುಹೋದ. ದೋಸೆ ಯಾರಿಗೂ ಸಿಗಲಿಲ್ಲ. ಕೊನೆಗೆ ಎಲ್ಲರೂ ದುಡ್ಡು ಹಾಕಿ ತಿಂದ್ವಿ.

ಆಮೇಲೆ ಓದಿ ತಿಳಿದ ಒಂದು ವಿಷಯ ನನಗೆ ಬಹಳ ಸಮಾಧಾನ ಕೊಟ್ಟಿತು. ಆ ಮಷೀನ್ ಗನ್ ಐದನೇ ಸೀಸನ್ನಿನ ಮೊದಲ ದೃಶ್ಯದಲ್ಲೇ ಕಾರಿನ ಡಿಕ್ಕಿಯಲ್ಲಿ ಕಾಣಿಸುತ್ತೆ. ಅದನ್ನು ತೋರಿಸಿದಾಗ ವಾಲ್ಟರ್ ಅದರಲ್ಲಿ ಏನು ಮಾಡ್ತಾನೆ ಅನ್ನೋದು ಬರೆಯುವವರಿಗೇ ಗೊತ್ತಿರಲಿಲ್ಲವಂತೆ. ಸೃಷ್ಟಿಕರ್ತ ವಿನ್ಸ್ ಗಿಲ್ಲಿಗನ್ ಅವರೇ ಹೇಳಿಕೊಂಡಿದ್ದಾರೆ. ಜೆಸ್ಸಿಯನ್ನು ಮೊದಲನೇ ಸೀಸನ್ನಿನಲ್ಲೇ ಸಾಯಿಸೋ ಯೋಚನೆಯಿತ್ತಂತೆ. ಆರನ್ ಪಾಲ್ ಅಭಿನಯ ನೋಡಿದ ಮೇಲೆ ಅದನ್ನು ಬಿಟ್ಟರು. ಹಣೆಬರಹ ಬರೆಯೋ ಬ್ರಹ್ಮನಿಗೇ ಗೊತ್ತಿಲ್ಲದ್ದು ಹಾಸ್ಟೆಲ್ ಹುಡುಗರಿಗೆ ಎಲ್ಲಿಂದ ಗೊತ್ತಾಗಬೇಕು ಹೇಳಿ.

'ಬೆಟರ್ ಕಾಲ್ ಸಾಲ್' ಅದೇ ಕಥೆಯಲ್ಲಿ ಬರೋ ಪುಢಾರಿ ಲಾಯರ್ ಸಾಲ್ ಗುಡ್‌ಮನ್‌ನ ಹಿಂದಿನ ಕಥೆ. ಅವನ ನಿಜವಾದ ಹೆಸರು ಜಿಮ್ಮಿ ಮೆಕ್‌ಗಿಲ್. ಹಿಂದಿನ ಕಥೆ ಆದ್ದರಿಂದ ಊಹೆ ಮಾಡೋರಿಗೆ ಅರ್ಧ ಉತ್ತರ ಮೊದಲೇ ಗೊತ್ತು. ಚಿಕನ್ ಹೋಟೆಲ್ ನಡೆಸ್ತಾ ಮಾದಕವಸ್ತು ಸಾಗಿಸೋ ಗಸ್ ಸಾಯಲ್ಲ, ಅವನ ಬಲಗೈ ಮೈಕ್ ಸಾಯಲ್ಲ, ಜಿಮ್ಮಿಯೂ ಸಾಯಲ್ಲ. ಇವರೆಲ್ಲ 'ಬ್ರೇಕಿಂಗ್ ಬ್ಯಾಡ್'ಗೆ ಬರಲೇಬೇಕಲ್ಲ. ನಮಗೆ ಗೊತ್ತಿಲ್ಲದೆ ಇದ್ದದ್ದು ಐದು ಹಣೆಬರಹ. ಜಿಮ್ಮಿಯ ಹೆಂಡತಿ, ವಕೀಲೆ ಕಿಮ್. ಎರಡೂ ಗುಂಪಿನ ಮಧ್ಯೆ ಸಿಕ್ಕಿಹಾಕಿಕೊಂಡಿರೋ ನಾಚೊ. ನಗುನಗುತ್ತಲೇ ಕೊಲ್ಲೋ ಲಾಲೊ. ಜಿಮ್ಮಿ ಮತ್ತು ಕಿಮ್ ಬೇಕಂತಲೇ ಮಾನ ಕಳೆಯೋಕೆ ಹೊರಟಿರೋ ಲಾಯರ್ ಹೋವರ್ಡ್. ಕೊನೆಯವನು 'ಜೀನ್'. ಅಂದ್ರೆ ಎಲ್ಲ ಮುಗಿದ ಮೇಲೆ ಒಮಾಹಾ ಊರಲ್ಲಿ ಹೆಸರು ಬದಲಿಸಿಕೊಂಡು, ಮಾಲ್‌ನ ಬೇಕರಿ ಅಂಗಡೀಲಿ ಮ್ಯಾನೇಜರ್ ಆಗಿ ಬಚ್ಚಿಟ್ಟುಕೊಂಡಿರೋ ಸಾಲ್.

ನಾನು ಇಂಜಿನಿಯರ್. ಎಕ್ಸೆಲ್ ಶೀಟ್ ತೆರೆದೆ. ಹೆಸರು, ಸಾವು ಅಥವಾ ಬದುಕು, ಯಾರಿಂದ, ಅಂತ ಮೂರು ಕಾಲಂ. ನಿಯಮಗಳೂ ಇದ್ವು. ಮುಂದೆ ಚೆನ್ನಾಗಿರೋಣ ಅಂತ ಪ್ಲಾನ್ ಹಾಕೋರು ಸಾಯ್ತಾರೆ. ಹೆಚ್ಚು ಗೊತ್ತಿರೋರು ಸಾಯ್ತಾರೆ. ಮುಂದಿನ ಕಥೇಲಿ ಹೆಸರೇ ಇಲ್ಲದವರು ಸಾಯ್ತಾರೆ. ಹಾಗಾಗಿ ಕಿಮ್ ಸಾವು, ಲಾಲೊನಿಂದ. ನಾಚೊ ಸಾವು, ಗಸ್‌ನಿಂದ. ಲಾಲೊ ಸಾವು, ಅದೂ ಗಸ್‌ನಿಂದ. ಹೋವರ್ಡ್‌ಗೂ ಮಾದಕವಸ್ತು ಗುಂಪಿಗೂ ಸಂಬಂಧವೇ ಇಲ್ಲ, ಆದ್ದರಿಂದ ಬದುಕು. ಜೀನ್ ಸಾವು, ಪೊಲೀಸರಿಂದ.

ಅವಳ ಶೀಟ್‌ನಲ್ಲಿ ಒಂದೇ ಕಾಲಂ. ತಲೆಬರಹ: "ಇವರಿಗೆ ಯಾರ ಮುಂದೆ ಮುಖ ತೋರಿಸೋಕೆ ಆಗಲ್ಲ?"

"ಇದೇನೇ ಇದು, ಕನ್ಯಾಪರೀಕ್ಷೆ ಥರ," ಅಂದೆ.

"ನೀನು ಗುಂಡು ಎಣಿಸು. ನಾನು ಇದನ್ನ ಎಣಿಸ್ತೀನಿ," ಅಂದ್ಲು.

ನಾಚೊ ಹೆಸರಿನ ಮುಂದೆ 'ಅಪ್ಪ' ಅಂತ ಬರೆದಿದ್ದಳು. ಅವನ ಅಪ್ಪ ಸೀಟಿಗೆ ಬಟ್ಟೆ ಹೊಲಿಯೋ ಅಂಗಡಿ ಇಟ್ಟುಕೊಂಡಿರೋ ಪ್ರಾಮಾಣಿಕ ಮನುಷ್ಯ. ಮೂರನೇ ಕಂತಿನಲ್ಲಿ ನಾಚೊ ಅಪ್ಪನಿಗೆ ಒಂದು ಫೋನ್ ಮಾಡ್ತಾನೆ. ಆಮೇಲೆ ಮರುಭೂಮಿಯಲ್ಲಿ ಎಲ್ಲರ ಮುಂದೆ ತಾನು ಮಾಡಿದ್ದನ್ನು ಒಪ್ಪಿಕೊಂಡು ತಾನೇ ಗುಂಡು ಹೊಡೆದುಕೊಳ್ತಾನೆ, ಅಪ್ಪನ ತಂಟೆಗೆ ಯಾರೂ ಹೋಗಬಾರದು ಅಂತ. ನನ್ನ ಶೀಟ್‌ನಲ್ಲಿ ಸಾವು ಸರಿ, ಕಾರಣ ತಪ್ಪು. ಅರ್ಧ ಮಾರ್ಕ್ಸ್. ಅವಳಿಗೆ ಪೂರ್ತಿ ಒಂದು.

ಹೋವರ್ಡ್ ವಿಷಯದಲ್ಲಿ ಇಬ್ಬರೂ ಸೋತ್ವಿ. ಏಳನೇ ಕಂತು. ಮಾನ ಕಳೆದುಕೊಂಡ ಹೋವರ್ಡ್ ರಾತ್ರಿ ಜಿಮ್ಮಿ ಮನೆಗೆ ಬಂದು, ಯಾಕೆ ಹೀಗೆ ಮಾಡಿದ್ರಿ ಅಂತ ಕೇಳ್ತಾ ನಿಂತಿರ್ತಾನೆ. ಮೇಣದಬತ್ತಿಯ ಜ್ವಾಲೆ ಅಲುಗುತ್ತೆ. ಲಾಲೊ ಒಳಗೆ ಬಂದಿರ್ತಾನೆ. ಒಂದೇ ಗುಂಡು. ಯಾವ ತಪ್ಪೂ ಮಾಡದ ಮನುಷ್ಯ ಯಾರದೋ ಮನೆಯ ನೆಲದ ಮೇಲೆ. ಅಷ್ಟಕ್ಕೇ ಮುಗಿಯಲಿಲ್ಲ. ಅವನು ಡ್ರಗ್ಸ್ ತಗೊಂಡು ಸಮುದ್ರಕ್ಕೆ ಹಾರಿದ ಅಂತ ಊರಿಗೆಲ್ಲ ನಂಬಿಸ್ತಾರೆ. ದೇಹವನ್ನು ಲಾಲೊನ ದೇಹದ ಜೊತೆ, ಮುಂದೆ ವಾಲ್ಟರ್ ಕೆಲಸ ಮಾಡೋ ಭೂಗತ ಲ್ಯಾಬ್‌ನ ನೆಲದಡಿ ಹೂತುಬಿಡ್ತಾರೆ. ಆಮೇಲೆ 'ಬ್ರೇಕಿಂಗ್ ಬ್ಯಾಡ್'ನಲ್ಲಿ ಆ ಲ್ಯಾಬ್ ಕಂಡಾಗಲೆಲ್ಲ ನನಗೆ ನೆಲವೇ ಕಾಣ್ಸುತ್ತೆ. ಆ ಕಂತು ಮೇ ಕೊನೆಯಲ್ಲಿ ಬಂತು, ಮುಂದಿನದು ಜುಲೈ 12ಕ್ಕೆ. ಏಳು ವಾರ. ಅಷ್ಟೂ ದಿನ ನಮ್ಮನೇಲಿ ಮಾತು ಒಂದೇ: ಕಿಮ್ ಗತಿ ಏನು?

ನನ್ನ ಪ್ರಕಾರ ಸಾವು. ಅವಳ ಶೀಟ್‌ನಲ್ಲಿ ಕಿಮ್ ಮುಂದೆ ಮೊದಲು ಖಾಲಿ ಇತ್ತು. ಹೋವರ್ಡ್ ಸತ್ತ ಮೇಲೆ ತುಂಬಿಸಿದ್ಲು: 'ಹೋವರ್ಡ್ ಹೆಂಡ್ತಿ. ಬದುಕ್ತಾಳೆ, ಇವನನ್ನ ಬಿಟ್ಟು ಹೋಗ್ತಾಳೆ.' ಮಧ್ಯದಲ್ಲಿ ಬರೆದದ್ದು ನಡೆಯಲ್ಲ ಅಂತ ಜಗಳ ಆಡ್ದೆ. ಕಿಮ್ ಉಳಿದಳು. ವಕೀಲಿಕೆ ಬಿಟ್ಟಳು, ಗಂಡನನ್ನು ಬಿಟ್ಟಳು, ಫ್ಲೋರಿಡಾಕ್ಕೆ ಹೋಗಿ ತೋಟಕ್ಕೆ ನೀರು ಸಿಂಪಡಿಸೋ ಸಾಮಾನು ಮಾರೋ ಕಂಪನೀಲಿ ಕೆಲಸಕ್ಕೆ ಸೇರಿದಳು. ವರ್ಷಗಳಾದ ಮೇಲೆ ಒಂದು ದಿನ ಆಲ್ಬುಕರ್ಕಿಗೆ ಬಂದು, ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದ ಕಾಗದವನ್ನ ಹೋವರ್ಡ್ ಹೆಂಡತಿ ಕೈಗೇ ಕೊಡ್ತಾಳೆ. ವಾಪಸ್ ಹೋಗುವಾಗ ಬಸ್ಸಿನಲ್ಲಿ ಕೂತು ಬಿಕ್ಕಿಬಿಕ್ಕಿ ಅಳ್ತಾಳೆ. ಆ ಅಳು ಬಹಳ ಹೊತ್ತು. ಕ್ಯಾಮೆರಾ ಅಲುಗಾಡಲ್ಲ. ನಾನು ರಿಮೋಟ್ ಹುಡುಕೋ ನೆಪದಲ್ಲಿ ಎದ್ದುಹೋದೆ.

ಯಾಕೆ ಎದ್ದೆ ಅಂತ ಹೇಳ್ತೀನಿ. ಅದಕ್ಕೆ ಮುಂಚೆ ಕೊನೆಯ ಕಂತು.

ಆಗಸ್ಟ್ 16. ತಿಪಟೂರಿನಿಂದ ಅಮ್ಮ ಬಂದಿದ್ದರು. ಅವರು ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳನ್ನು ಬಿಡದೆ ನೋಡಿದವರು, ಕೋರ್ಟ್ ಸೀನ್ ಇದೆ ಅಂದ್ರೆ ಯಾವ ಭಾಷೆಯದಾದರೂ ಆಗುತ್ತೆ. ಹೆಂಡ್ತಿ ಹಿಂದಿನ 62 ಕಂತಿನ ಕಥೆಯನ್ನ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ್ಲು.

ಜೀನ್‌ನ ಪೊಲೀಸರು ಗುಂಡಿಟ್ಟು ಕೊಲ್ಲಲಿಲ್ಲ. ಒಬ್ಬ ಅಜ್ಜಿ ಲ್ಯಾಪ್‌ಟಾಪ್‌ನಲ್ಲಿ ಹುಡುಕಿ ಇವನ ಗುಟ್ಟು ಕಂಡುಹಿಡೀತಾರೆ, ಇವನು ಓಡಿಹೋಗಿ ಕಸದ ತೊಟ್ಟಿಯಲ್ಲಿ ಅಡಗಿರುವಾಗ ಸಿಕ್ಕಿಬೀಳ್ತಾನೆ. ಆದರೂ ಮಾತಿನ ಮಲ್ಲ. ಜೀವಾವಧಿ ಆಗಬೇಕಿದ್ದ ಶಿಕ್ಷೆಯನ್ನ ಮಾತಾಡಿ ಮಾತಾಡಿ ಏಳು ವರ್ಷಕ್ಕೆ ಇಳಿಸ್ಕೋತಾನೆ. ಹೋವರ್ಡ್ ಸಾವಿನ ಗುಟ್ಟು ಹೇಳ್ತೀನಿ, ಇನ್ನೂ ಸ್ವಲ್ಪ ಅನುಕೂಲ ಮಾಡ್ಕೊಡಿ ಅಂತ ಕೇಳಿದಾಗ ಸರ್ಕಾರಿ ವಕೀಲರು ಹೇಳ್ತಾರೆ, ಅದು ನಮಗೆ ಗೊತ್ತಾಗಿದೆ, ಕಿಮ್ ಆಗಲೇ ಹೇಳಿಯಾಯ್ತು. ಅಲ್ಲಿಂದ ಅವನ ಮುಖವೇ ಬದಲಾಗುತ್ತೆ. ಕಿಮ್ ಕೋರ್ಟಿಗೆ ಬರೋ ಹಾಗೆ ಮಾಡಿ, ಅವಳ ಎದುರಿಗೆ ತಾನು ಮಾಡಿದ್ದೆಲ್ಲ ಒಪ್ಪಿಕೊಳ್ತಾನೆ. ಸ್ವಂತ ಅಣ್ಣನಿಗೆ ಮಾಡಿದ ಅನ್ಯಾಯವನ್ನೂ ಸೇರಿಸ್ತಾನೆ, ಅದು ಕಾನೂನಿನ ಲೆಕ್ಕದಲ್ಲಿ ಅಪರಾಧವೇ ಅಲ್ಲದಿದ್ದರೂ. ನನ್ನ ಹೆಸರು ಜೇಮ್ಸ್ ಮೆಕ್‌ಗಿಲ್ ಅಂತಾನೆ. ಏಳು ವರ್ಷ ಹೋಗಿ 86 ವರ್ಷ ಆಗುತ್ತೆ.

"ಏಳು ವರ್ಷ ಅಂತ ಆಗಿತ್ತಲ್ಲೋ, ಸುಮ್ನೆ ಇರಬಾರದಿತ್ತಾ?" ಅಂದರು ಅಮ್ಮ. ಆಮೇಲೆ ಕಿಮ್ ಜೈಲಿಗೆ ಬಂದು, ಇಬ್ಬರೂ ಗೋಡೆಗೆ ಒರಗಿ ಒಂದೇ ಸಿಗರೇಟು ಸೇದೋದನ್ನ ನೋಡಿ, "ಹ್ಞೂ, ಅವಳ ಮುಂದೆ ನಿಲ್ಲೋಕೆ ಇಷ್ಟೆಲ್ಲ ಮಾಡಿದ್ನಾ," ಅಂತ ತಾವೇ ಹೇಳ್ಕೊಂಡರು.

ಹೆಂಡ್ತಿ ಶೀಟ್‌ನಲ್ಲಿ ಜೀನ್ ಮುಂದೆ 'ಕಿಮ್, ಜೈಲು' ಅಂತಿತ್ತು. ಏಪ್ರಿಲ್‌ನಲ್ಲೇ ಬರೆದದ್ದು. ಲಾಲೊ ತಪ್ಪಿಸಿಕೊಳ್ತಾನೆ ಅಂತ ಬರೆದು ಅಲ್ಲೊಂದು ಸೋತಿದ್ದಳು. ಅವಳಿಗೆ ಐದಕ್ಕೆ ಮೂರು, ನನಗೆ ಐದಕ್ಕೆ ಒಂದೂವರೆ.

ಮಲಗೋಕೆ ಮುಂಚೆ ಯೋಚಿಸ್ತಾ ಇದ್ದೆ. ವಾಲ್ಟರ್ ವೈಟ್ ಕೂಡ ಸಾಯೋಕೆ ಮುಂಚೆ ಹೆಂಡತಿ ಸ್ಕೈಲರ್ ಹತ್ತಿರ ಬಂದು, ಇದನ್ನೆಲ್ಲ ಸಂಸಾರಕ್ಕಾಗಿ ಮಾಡಲಿಲ್ಲ, ನನಗೋಸ್ಕರ ಮಾಡಿದೆ ಅಂತ ಒಪ್ಪಿಕೊಂಡಿದ್ದ. 2013ರಲ್ಲಿ ನಾವು ಆರು ಹುಡುಗರು ಆ ದೃಶ್ಯ ಬೇಗ ಮುಗೀಲಿ, ಗನ್ ಯಾವಾಗ ಬರುತ್ತೆ ಅಂತ ಕಾಯ್ತಾ ಕೂತಿದ್ವಿ. ನಾವು ಕಾಯ್ತಿದ್ದದ್ದು ಯಾರು ಸಾಯ್ತಾರೆ ಅಂತ. ಅಸಲಿ ಕೊನೆ ಆಗಲೇ ಅಡುಗೆಮನೇಲಿ ಆಗಿಹೋಗಿತ್ತು.

ಈಗ ನನ್ನ ಶೀಟ್‌ಗೆ ಬರ್ತೀನಿ. ಅವಳ ಕಾಲಂಗೆ ನನ್ನ ಹೆಸರು ಹಾಕಿದರೆ ಉತ್ತರ ನನಗೆ ಮೊದಲಿನಿಂದ ಗೊತ್ತು. 2019ರಲ್ಲಿ, ಹಿಂದಿನ ಕೆಲಸದಲ್ಲಿ, ಒಂದು ಶುಕ್ರವಾರ ರಾತ್ರಿ ಲೈವ್ ಡೇಟಾಬೇಸ್ ಮೇಲೆ ಓಡಿಸಬೇಕಾದ ಕ್ವೆರಿ ಬರೆದವನು ನಾನು. ಒಂದು ಕಂಡೀಷನ್ ಬಿಟ್ಟುಹೋಗಿತ್ತು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಸೇರಿ ಏಳು ತಿಂಗಳಾಗಿದ್ದ ಹುಡುಗನಿಗೆ ಚಾಟ್‌ನಲ್ಲಿ ಕಳಿಸಿ "ರನ್ ಮಾಡಿಬಿಡು" ಅಂದೆ. ಅವನು ಮಾಡಿದ. ಸಾವಿರಾರು ಆರ್ಡರ್‌ಗಳ ಸ್ಟೇಟಸ್ ಕೆಟ್ಟು ಹೋಯ್ತು, ಸರಿಮಾಡೋಷ್ಟರಲ್ಲಿ ಬೆಳಗಾಯ್ತು. ಸೋಮವಾರದ ಮೀಟಿಂಗ್‌ನಲ್ಲಿ, ಚೆಕ್ ಮಾಡದೆ ಯಾಕೆ ರನ್ ಮಾಡಿದ್ರಿ ಅಂತ ಅವನನ್ನೇ ಕೇಳಿದರು. ಲಾಗ್‌ನಲ್ಲಿ ಇದ್ದದ್ದು ಅವನ ಹೆಸರು. ಅವನು ಒಂದ್ಸಲ ನನ್ನ ಕಡೆ ನೋಡಿದ. ನಾನು ಲ್ಯಾಪ್‌ಟಾಪ್ ನೋಡ್ತಿದ್ದೆ. ಆ ವರ್ಷ ಅವನಿಗೆ ಹೈಕ್ ಆಗಲಿಲ್ಲ, ಮೂರು ತಿಂಗಳಿಗೆ ಕೆಲಸ ಬಿಟ್ಟ. ನನಗೆ ಪ್ರಮೋಷನ್ ಬಂತು.

ಕಿಮ್ ಬಸ್ಸಿನಲ್ಲಿ ಅಳುವಾಗ ನಾನು ಎದ್ದುಹೋದದ್ದು ಅದಕ್ಕೆ.

ಆಗಸ್ಟ್ 16ರ ರಾತ್ರಿ ಅವನಿಗೆ ಮೆಸೇಜ್ ಬರೆದೆ. ನೀನಲ್ಲ, ಕ್ವೆರಿ ನನ್ನದು, ಅವತ್ತು ಸುಮ್ಮನಿದ್ದದ್ದು ತಪ್ಪಾಯ್ತು ಅಂತ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಬಂತು: "ಗೊತ್ತು ಸರ್. ನಿಮ್ಮ ಚಾಟ್ ಮೆಸೇಜ್ ಆಗಲೂ ನನ್ನ ಹತ್ರ ಇತ್ತು. ನೀವೇ ಹೇಳ್ತೀರೇನೋ ಅಂತ ತೋರಿಸಲಿಲ್ಲ." ಅದರ ಕೆಳಗೆ ಇನ್ನೊಂದು ಸಾಲು: "ಮ್ಯಾನೇಜರ್‌ಗೂ ಹೇಳಿದ್ರೆ ಚೆನ್ನಾಗಿರುತ್ತೆ."

ಪರವಾಗಿಲ್ಲ ಬಿಡಿ ಸರ್ ಅಂತಾನೆ ಅಂದ್ಕೊಂಡಿದ್ದೆ. ಆ ಊಹೆಯೂ ತಪ್ಪಾಯ್ತು. ಅವನಿಗೆ ಗುಟ್ಟಾಗಿ ಮೆಸೇಜ್ ಹಾಕೋದು ಏಳು ವರ್ಷದ ಶಿಕ್ಷೆ ಥರ, ಅದು ನನಗೆ ಅನುಕೂಲವಾದ ಲೆಕ್ಕ. ಆ ಮೇಲ್ ಬರೆಯೋಕೆ ನನಗೆ ಇನ್ನೂ ಒಂದು ವಾರ ಹಿಡೀತು. ಆಗಿನ ಮ್ಯಾನೇಜರ್‌ಗೆ ಬರೆದು, ಅವನನ್ನೂ ಸಿಸಿಯಲ್ಲಿ ಹಾಕಿ ಕಳಿಸಿದೆ. ಮ್ಯಾನೇಜರ್ ಉತ್ತರ ಒಂದೇ ಸಾಲು: ತಿಳಿಸಿದ್ದಕ್ಕೆ ಥ್ಯಾಂಕ್ಸ್. ಹುಡುಗನಿಂದ ಏನೂ ಬಂದಿಲ್ಲ. ಬರಬೇಕು ಅಂತಲೂ ಇಲ್ಲ. ಅವನ ಹೋದ ಹೈಕ್ ಈ ಮೇಲ್‌ನಿಂದ ವಾಪಸ್ ಬರಲ್ಲ.

ಪಾತ್ರೆ ತೊಳೆಯೋ ತಿಂಗಳು ಇನ್ನೂ ಮುಗಿದಿಲ್ಲ. ನಿನ್ನೆ ಕುಕ್ಕರ್ ಉಜ್ಜುತ್ತಿದ್ದಾಗ ಅಮ್ಮ ಫೋನ್ ಮಾಡಿ, "ಆ ಲಾಯರ್ ಜೈಲಿಂದ ಬಿಡುಗಡೆ ಆಗ್ತಾನೇನೋ?" ಅಂತ ಕೇಳಿದರು. ಕಥೆ ಮುಗೀತಮ್ಮ, ಇನ್ನಿಲ್ಲ ಅಂದೆ. "ಸರಿ, ಅವಳು ಆಗಾಗ ನೋಡೋಕೆ ಬರ್ತಾಳೆ ಬಿಡು," ಅಂದರು. ಶೀಟ್‌ನಲ್ಲಿ ಆ ಊಹೆಗೆ ಮಾರ್ಕ್ಸ್ ಕೊಡೋ ಕಾಲಂ ಇಲ್ಲ. ಆದರೂ ಸೇರಿಸಿಟ್ಟಿದ್ದೀನಿ.