ಹೆಸರು ಬದಲಿಸಲು ಹತ್ತು ಡಾಲರ್! ಇದೇನು ಅವರಪ್ಪನ ಮನೆಯ ಗಂಟೇ?

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಿಂದ ಬೆಂಗಳೂರು, ಮಂಗಳೂರು ಸೇರಿರುವ ಗೆಳೆಯರೇ, ಆನ್‌ಲೈನ್ ಆಟ ಆಡಬೇಡಿ ಎಂದು ಉಪದೇಶ ಮಾಡಲು ನಾವು ಬಂದಿಲ್ಲ. ಆಡಿ. ಆದರೆ ಆಟದೊಳಗಿನ ಅಂಗಡಿಯಲ್ಲಿ ನಿಮ್ಮ ಜೇಬಿಗೆ ಬೀಳುತ್ತಿರುವ ಕತ್ತರಿಯ ಲೆಕ್ಕ ಕೇಳಿದ್ದೀರಾ?

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಜಗತ್ಪ್ರಸಿದ್ಧ ಆಟದ ಅಮೆರಿಕದ ದರಪಟ್ಟಿ ನೋಡಿ. ನಿಮ್ಮ ಪಾತ್ರದ ಹೆಸರು ಬದಲಿಸಲು 10 ಡಾಲರ್. ಪಾತ್ರವನ್ನು ಇನ್ನೊಂದು ಸರ್ವರ್‌ಗೆ ಒಯ್ಯಲು 25 ಡಾಲರ್. ಪಾತ್ರವನ್ನು ಒಮ್ಮೆಲೇ 90ನೇ ಹಂತಕ್ಕೆ ಏರಿಸುವ ಸೇವೆ 2014ರಲ್ಲಿ ಬಂದಾಗ ಅದರ ಬೆಲೆ 60 ಡಾಲರ್! 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಅಂದರೆ ನಾಲ್ಕು ಅಕ್ಷರ ಅಳಿಸಿ ಬೇರೆ ನಾಲ್ಕು ಅಕ್ಷರ ಬರೆಯಲು ಎರಡು ದಿನದ ಬೆವರೂ ಸಾಲದು!

ಅಗ್ಗ ಮಾಡಿದರೆ ಮೋಸಗಾರರು ದಿನಕ್ಕೊಂದು ಹೆಸರಿನಲ್ಲಿ ತಲೆಮರೆಸಿಕೊಳ್ಳುತ್ತಾರೆ, ಕಷ್ಟಪಟ್ಟು ಆಡಿದವರ ಸಾಧನೆಗೆ ಬೆಲೆ ಇರುವುದಿಲ್ಲ ಎಂಬ ವಾದವಿದೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅಲ್ಲ ಮಾರಾಯ್ರೇ, ದುಡ್ಡಿರುವ ಮೋಸಗಾರನಿಗೆ 10 ಡಾಲರ್ ಒಂದು ಬೇಲಿಯೇ? ವರ್ಷಕ್ಕೆ ಇಷ್ಟೇ ಸಲ ಎಂದು ಮಿತಿ ಹಾಕಲಿ!

ನಿಜವಾದ ಕಾರಣ ಬೇರೆ. ಅಂಗಡಿ ಒಂದೇ. ನಿಮ್ಮ ಪಾತ್ರ ಅವರ ಕೈಯಲ್ಲಿ. ಹಾಗಾಗಿ ಅವರು ಹೇಳಿದ್ದೇ ಧಾರಣೆ.

ಧಾರಣೆಯ ಸಂಕಟವನ್ನು ಅಡಿಕೆ ಬೆಳೆಗಾರರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿದಾಗ ನಮ್ಮ ಹಿರಿಯರು ಹಣೆಬರಹವೆಂದು ಕುಳಿತರೇ? 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಕಾರ್ಖಾನೆ ತೆರೆದರು. ಒಬ್ಬೊಬ್ಬರೇ ಚೌಕಾಸಿ ಮಾಡಿದಾಗ ಸಿಗದ ಬೆಲೆ ಒಟ್ಟಾದಾಗ ಸಿಕ್ಕಿತು. ಅವರು ಮಾರುವವರು, ನೀವು ಕೊಳ್ಳುವವರು. ಪಾಠ ಒಂದೇ.

ನ್ಯಾಯದ ಬೆಲೆ ಅಸಾಧ್ಯವೇನಲ್ಲ. ‘ಸ್ಟೀಮ್’ ಎಂಬ ಆಟದ ಅಂಗಡಿ 2015ರಲ್ಲೇ ಭಾರತಕ್ಕೆ ರೂಪಾಯಿ ದರ ತಂದಿತು. ವಜ್ರ, ನಾಣ್ಯ ಎಂಬ ಮುಸುಕಿನ ಹಿಂದೆ ಬೆಲೆ ಬಚ್ಚಿಡಬೇಡಿ, ನಿಜವಾದ ಹಣದಲ್ಲಿ ತೋರಿಸಿ ಎಂದು ಯುರೋಪಿನ ಗ್ರಾಹಕ ರಕ್ಷಣಾ ಅಧಿಕಾರಿಗಳು 2025ರ ಮಾರ್ಚ್‌ನಲ್ಲಿ ತಾಕೀತು ಮಾಡಿದರು. ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು, ಸರಿ. ಆದರೆ ಜೂಜಲ್ಲದ ಆಟದೊಳಗಿನ ಈ ಸುಲಿಗೆಯನ್ನು ಕೇಳುವವರು ಯಾರು?

ಇನ್ನು ಭಾಷೆ! ಪೊಟ್ಟಣದ ಸರಕಿನ ಬೆಲೆ, ತೂಕ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಬೇಕಿದ್ದರೆ ಬೇರೆ ಭಾಷೆಯನ್ನೂ ಸೇರಿಸಿಕೊಳ್ಳಿ ಎನ್ನುತ್ತದೆ ಕೇಂದ್ರದ 2011ರ ನಿಯಮ. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡ ಇರಲೇಬೇಕೆಂದು ರಾಜ್ಯ ಸರ್ಕಾರ 2025ರಲ್ಲಿ ಆದೇಶಿಸಿತು. ಪೊಟ್ಟಣವೇ ಇಲ್ಲದ ಸರಕಿನ ಗತಿ? ವಾರ್‌ಕ್ರಾಫ್ಟ್‌ನಲ್ಲಿ ರಷ್ಯನ್ ಇದೆ, ಕೊರಿಯನ್ ಇದೆ, ಚೀನೀ ಇದೆ. ಕನ್ನಡವಿಲ್ಲ! ಹತ್ತು ಡಾಲರ್ ತೆತ್ತರೂ ನಿಮ್ಮ ಹೆಸರನ್ನು ನಿಮ್ಮ ಲಿಪಿಯಲ್ಲಿ ಬರೆಯುವಂತಿಲ್ಲ. ಇದು ಬರೀ ದುಬಾರಿಯಲ್ಲ, ಅವಮಾನ!

ನಮ್ಮ ಬೇಡಿಕೆ ಮೂರೇ. ಬೆಲೆ ರೂಪಾಯಿಯಲ್ಲಿರಲಿ, ನಮ್ಮ ನೆಲದ ದುಡಿಮೆಗೆ ತಕ್ಕಂತಿರಲಿ. ಹಣ ಪಡೆಯುವ ಮೊದಲು ಷರತ್ತುಗಳನ್ನು ಕನ್ನಡದಲ್ಲಿ ತೋರಿಸಲಿ. ಪಾತ್ರದ ಹೆಸರಿಗೆ ಕನ್ನಡ ಲಿಪಿ ಸಿಗಲಿ.

ಗೊಣಗಿದರೆ ಪ್ರಯೋಜನವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಕೊಡಿ. ನಿಮ್ಮ ತಂಡದ ಹತ್ತು ಜನರಿಂದಲೂ ಕೊಡಿಸಿ. ಬೆಲೆ ಇಳಿಯುವವರೆಗೆ ಆ ಅಂಗಡಿಯ ಬಾಗಿಲು ತುಳಿಯಬೇಡಿ. ಅಜ್ಜಂದಿರು ಅಡಿಕೆಗೆ ಬೆಲೆ ತಂದರು. ಮೊಮ್ಮಕ್ಕಳು ತಮ್ಮ ಹೆಸರಿನ ಮಾನ ಉಳಿಸಿಕೊಳ್ಳಲಾರರೇ?